ಊರವರ ಕೈಗೆ ಸಿಕ್ಕ ಕಾಲು

"ಒಳಗೆ ಏನು ಬೇಕಾದ್ರೂ ಮಾತಾಡಿ ಮಾಸ್ಟ್ರೇ, ಆಟದ ಕೋಣೇಲಿ ಮಾತ್ರ ಚಪ್ಪಾಳೆ ತಟ್ಟಬೇಡಿ," ಎಂದು ಷಡ್ಡಕ ಹೇಳಿದಾಗ ಡ್ಯಾನ್ಸ್ ಮಾಸ್ಟರ್ ಬಂಗಲೆಯ ಗೇಟಿನ ಮುಂದೆಯೇ ನಿಂತು ನಕ್ಕುಬಿಟ್ಟ.

"ತಟ್ಟಿದ್ರೆ ಏನಾಗುತ್ತೆ? ದೆವ್ವ ಬಂದು ಕೈ ಕುಲುಕುತ್ತಾ?"

ಷಡ್ಡಕ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಯಾರೊಂದಿಗೂ ವಾದಕ್ಕಿಳಿಯುವ ಜಾಯಮಾನದವನಲ್ಲ. ಹೆಂಡತಿಯ ತಂಗಿಯೂ ಅವಳ ಗಂಡನೂ ಮೊದಲ ಸಲ ಊರಿಗೆ ಬಂದಿದ್ದಾರೆ, ಭಾನುವಾರ ಹಳೇ ಮನೆಗಳನ್ನು ತೋರಿಸಿ, ಮಧ್ಯಾಹ್ನ ನಾಟಕಶಾಲೆಯಲ್ಲಿ ಒಂದು ಆಟ ನೋಡಿ, ಕತ್ತಲಾಗುವುದರೊಳಗೆ ಮನೆ ಸೇರಿದರಾಯಿತು ಎಂದು ಅವನು ಲೆಕ್ಕ ಹಾಕಿದ್ದ. ಈಗ ಸುಮ್ಮನೆ ಚೀಟಿ ಕೊಳ್ಳಲು ಹೋದ.

ಮಾಸ್ಟರ್ ದೊಡ್ಡ ಊರಿನವನು. ಅವನ ಕೈಕೆಳಗೆ ಕುಣಿಯುವ ಹುಡುಗಿಯರ ತಂಡವೇ ಇತ್ತು. ಅವನ ಹೆಂಡತಿಯೂ ಒಂದು ಕಾಲದಲ್ಲಿ ಆ ತಂಡದ ಮೊದಲ ಸಾಲಿನವಳು. ಈಗ ಅವಳು ಎಡಗಾಲನ್ನು ಕೊಂಚ ಎಳೆದು ನಡೆಯುತ್ತಿದ್ದಳು. ಒಂದು ಆಟದ ಹಿಂದಿನ ದಿನ ಅಭ್ಯಾಸ ಮಾಡುವಾಗ ಮಂಡಿ ಕಳಕ್ಕೆಂದಿತ್ತು. "ನೋವಂತೆ ನೋವು, ಅದು ಸೋಮಾರಿಗಳ ಮಾತು, ಮತ್ತೆ ಮೊದಲಿಂದ," ಎಂದು ಮಾಸ್ಟರ್ ಕೈ ತಟ್ಟುತ್ತಲೇ ಇದ್ದ. ಅವಳು ಕುಣಿಯುತ್ತಲೇ ಇದ್ದಳು. ಆಮೇಲೆ ಆ ಮಂಡಿ ಸರಿಹೋಗಲೇ ಇಲ್ಲ.

ಬಂಗಲೆಯ ಒಳಗೆ ಡಾಂಬರ್ ಗುಳಿಗೆಯ, ಹಳೇ ಬಟ್ಟೆಯ, ಎಂದೋ ಆರಿಹೋದ ದೀಪದ ಎಣ್ಣೆಯ ವಾಸನೆ. ಹಗ್ಗ ಕಟ್ಟಿದ ಮಖಮಲ್ಲಿನ ಕುರ್ಚಿಗಳು. ಯಾರೂ ಮಲಗದ ಮಂಚದ ಮೇಲೆ ಸುಕ್ಕಿಲ್ಲದ ಹೊದಿಕೆ. ಭಾನುವಾರದ ಜನ ಪಿಸುಗುಟ್ಟುತ್ತ ಕೋಣೆಯಿಂದ ಕೋಣೆಗೆ ಸರಿಯುತ್ತಿದ್ದರು. ಆಟದ ಕೋಣೆ ಮಾತ್ರ ಖಾಲಿಯಿತ್ತು. ಕಿಟಕಿಗಳಿಗೆ ಹಲಗೆ ಹೊಡೆದಿದ್ದರಿಂದ ಹಗಲಲ್ಲೂ ಅಲ್ಲಿ ಕತ್ತಲು. ಒಂದು ತುದಿಯಲ್ಲಿ ಮೊಣಕಾಲೆತ್ತರದ ಮರದ ವೇದಿಕೆ, ಎದುರಿಗೆ ಅರ್ಧಚಂದ್ರದಂತೆ ಜೋಡಿಸಿದ ಕುರ್ಚಿಗಳು. ಒಳಗೆ ಕಾಲಿಟ್ಟವರ ಮೂಗಿಗೆ ಸುಟ್ಟ ಕೂದಲಿನ ಕಮಟು ಬಡಿಯಿತು.

"ಈ ಮನೆ ಸಾಹುಕಾರ ಇಲ್ಲೇ ಕೂತು ಆಟ ನೋಡ್ತಿದ್ದನಂತೆ," ಷಡ್ಡಕ ದನಿ ತಗ್ಗಿಸಿದ. "ಕುಣಿಯೋ ಒಬ್ಬಳು ಹುಡುಗಿಯನ್ನ ಕರೆಸಿದ್ದ. ಅವಳಿಗೆ ಮೈ ಸುಡೋ ಜ್ವರ. ಚಪ್ಪಾಳೆ ನಿಲ್ಲೋವರೆಗೆ ಕುಣಿ ಅಂತ ಹೇಳಿ, ಅವನೂ ಅವನ ಗೆಳೆಯರೂ ನಿಲ್ಲಿಸಲೇ ಇಲ್ಲ. ಆ ಹಲಗೆ ಮೇಲೇ ಬಿದ್ದು ಪ್ರಾಣ ಬಿಟ್ಟಳು. ಅವಳ ತಾಯಿ ಬಟ್ಟೆ ಹೊಲೆಯೋಳು. ಮಗಳ ಕೂದಲು ಸುಟ್ಟ ಬೂದಿ, ಉಗುರು, ಬಾಯಿಂದ ಬಂದ ರಕ್ತ, ಎಲ್ಲಾ ಸೇರಿಸಿ ಗಂಟು ಕಟ್ಟಿ ವೇದಿಕೆ ಕೆಳಗೆ ಹೂತಳಂತೆ. ಚಪ್ಪಾಳೆ ತಟ್ಟಿದವನ ಕಾಲು ಊರವರ ಕೈಗೆ ಸಿಗಲಿ ಅಂತ ಶಾಪ ಹಾಕಿದಳಂತೆ."

"ಸಾಹುಕಾರ ಏನಾದ?" ಮಾಸ್ಟರ್‌ನ ಹೆಂಡತಿ ಕೇಳಿದಳು.

"ಸತ್ತ. ಅವನಿಗೆ ಸನ್ಮಾನ ಮಾಡೋಕೆ ಅಂತ ಜನ ಸೇರಿದ್ದರು. ಅಲ್ಲೇ."

ಅವಳ ಅಕ್ಕ, ಷಡ್ಡಕನ ಹೆಂಡತಿ, ತಂಗಿಯ ತೋಳು ಹಿಡಿದುಕೊಂಡಳು. "ಬಾರೇ, ಹೊರಗೆ ಹೋಗೋಣ. ನನಗೆ ಇಲ್ಲಿ ಉಸಿರು ಕಟ್ಟುತ್ತೆ."

ಮಾಸ್ಟರ್ ಆಗಲೇ ಹಗ್ಗ ದಾಟಿ ಸಾಹುಕಾರನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಹತ್ತೇ ಮೇಲೆ," ಎಂದ ಹೆಂಡತಿಗೆ.

"ಬೇಡ ರೀ."

"ಹತ್ತು ಅಂದೆ. ನಿನ್ನ ಕುಂಟು ಕುಣಿತ ನೋಡಿ ದೆವ್ವಕ್ಕೂ ನಗು ಬರಲಿ."

ಅವಳು ಕದಲಲಿಲ್ಲ. ಅಕ್ಕ ನೆಲ ನೋಡಿದಳು. ಷಡ್ಡಕ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಮಾಸ್ಟರ್ ಹೆಂಡತಿಯ ಮುಖವನ್ನೇ ನೋಡುತ್ತ, ಅಭ್ಯಾಸದ ಕೋಣೆಯಲ್ಲಿ ತಟ್ಟುವಂತೆ, ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದ. ಆ ಸದ್ದು ಗೋಡೆಗೆ ಬಡಿದು ತಿರುಗಿ ಬರಲಿಲ್ಲ. ಯಾರೋ ಅದನ್ನು ಅಲ್ಲೇ ಹಿಡಿದು ಇಟ್ಟುಕೊಂಡಂತೆ ಮಾಯವಾಯಿತು.

ಆಮೇಲೆ ವೇದಿಕೆಯ ಮೇಲೆ ಬರಿಗಾಲಿನ ಸದ್ದು. ಥಪ್. ಒಂದೇ ಒಂದು ಸಲ.

"ಹಳೇ ಮರ, ಬಿಸಿಲಿಗೆ ಸದ್ದು ಮಾಡುತ್ತೆ," ಎಂದು ಮಾಸ್ಟರ್ ಎದ್ದು ಪ್ಯಾಂಟು ಕೊಡವಿಕೊಂಡ. ಬಿಸಿಲು ಆ ಕೋಣೆಗೆ ಬಂದು ವರ್ಷಗಳೇ ಆಗಿದ್ದವು.

ಊಟಕ್ಕೆ ಕೂತ ಹೋಟೆಲಿನಲ್ಲಿ ಪಕ್ಕದ ಮೇಜಿನ ಮಗುವೊಂದು ಕೇಕು ಕಂಡು ಚಪ್ಪಾಳೆ ತಟ್ಟಿತು. ಮೇಜಿನ ಕೆಳಗೆ ಮಾಸ್ಟರ್‌ನ ಬಲಗಾಲು ಎಗರಿತು. ನೀರಿನ ಲೋಟ ಉರುಳಿ ಅಕ್ಕನ ಸೀರೆ ತೊಯ್ದಿತು.

"ಕಾಲು ಹಿಡಕೊಂಡ್ತು," ಎಂದ ಅವನು.

ಮಗು ಮತ್ತೆ ತಟ್ಟಿತು. ಈ ಸಲ ಎರಡೂ ಕಾಲು ಎಗರಿದವು. ಮಗುವಿನ ಮನೆಯವರು ಹಾಡಿ, ಎಲ್ಲರೂ ಕೂಡಿ ಕೈ ತಟ್ಟಿದಾಗ ಅವನು ತೊಡೆಗಳನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಬೂಟುಗಳು ನೆಲವನ್ನು ಕುಟ್ಟುತ್ತಲೇ ಇದ್ದವು. ಹಣೆಯಲ್ಲಿ ಬೆವರು. ಅನ್ನದ ತಟ್ಟೆಯಿಂದ ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು. ಹೆಂಡತಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. ತಲೆಯೆತ್ತಿ ಅವನ ಮುಖ ನೋಡಿದಳು. ಮತ್ತೊಂದು ತುತ್ತು ಬಾಯಿಗಿಟ್ಟಳು.

"ಮಾಸ್ಟ್ರೇ, ಆಟ ಬೇಡ. ಮನೆಗೆ ಹೋಗಿಬಿಡೋಣ," ಎಂದ ಷಡ್ಡಕ.

ಹೌದು ಎನ್ನಲು ಮಾಸ್ಟರ್‌ಗೂ ಮನಸ್ಸಿತ್ತು. ಆದರೆ ಹೌದೆಂದರೆ ಈ ಡ್ರಾಯಿಂಗ್ ಮೇಷ್ಟ್ರ ಮುಂದೆ ಹೆದರಿದೆನೆಂದು ಒಪ್ಪಿಕೊಂಡ ಹಾಗೆ. "ನಡೀರಿ, ನಿಮ್ಮೂರಿನ ಆಟ ಎಂಥದೋ ನೋಡೋಣ," ಎಂದು ಎದ್ದ.

ನಾಟಕಶಾಲೆ ಎರಡು ಬೀದಿ ಕೂಡುವ ಮೂಲೆಯಲ್ಲಿತ್ತು. ತಗಡಿನ ಮಾಡು, ಸವೆದ ಮರದ ಕುರ್ಚಿಗಳು, ಬೆವರಿನ ಮತ್ತು ಹುರಿದ ಕಡಲೆಕಾಯಿಯ ವಾಸನೆ. ಭಾನುವಾರವಾದ್ದರಿಂದ ಮಧ್ಯಾಹ್ನದ ಆಟಕ್ಕೇ ಜನ ಕಿಕ್ಕಿರಿದಿದ್ದರು. ಮಾಸ್ಟರ್ ಬಾಗಿಲ ಪಕ್ಕದ ಕುರ್ಚಿ ಹಿಡಿದ. ದೀಪ ಆರುತ್ತಿದ್ದಂತೆ ಎದ್ದು ಹೊರಗೆ ನಿಲ್ಲುವುದೆಂದು ಒಳಗೊಳಗೇ ಅಂದುಕೊಂಡಿದ್ದ.

ದೀಪ ಆರಲಿಲ್ಲ. ಮ್ಯಾನೇಜರ್ ಮೈಕು ಹಿಡಿದು ಪರದೆಯ ಮುಂದೆ ಬಂದ. ವಾರದ ಹಿಂದೆಯೇ, ನನ್ನ ಹೆಂಡತಿ ತಂಗಿಯ ಗಂಡ ಬರ್ತಾರೆ, ದೊಡ್ಡ ಕಲಾವಿದರು ಎಂದು ಷಡ್ಡಕನೇ ಹೆಮ್ಮೆಯಿಂದ ಅವನ ಕಿವಿಗೆ ಹಾಕಿದ್ದ. ಈಗ ಅದು ಷಡ್ಡಕನಿಗೆ ನೆನಪಾಯಿತು. ಎದ್ದು ಕೈ ಬೀಸಿದ, ಬೇಡ ಬೇಡ ಎಂದು. ಮ್ಯಾನೇಜರ್ ಅದನ್ನು ನಮಸ್ಕಾರ ಅಂದುಕೊಂಡ.

"ನಮ್ಮ ಭಾಗ್ಯ, ಇವತ್ತು ಹೆಸರಾಂತ ನೃತ್ಯ ನಿರ್ದೇಶಕರು ನಮ್ಮ ನಡುವೆ ಇದ್ದಾರೆ. ಜೋರಾದ ಚಪ್ಪಾಳೆಯೊಂದಿಗೆ ಅವರನ್ನ ವೇದಿಕೆಗೆ ಬರಮಾಡಿಕೊಳ್ಳೋಣ."

ಚಪ್ಪಾಳೆ ಮಳೆಯಂತೆ ಸುರಿಯಿತು.

ಮಾಸ್ಟರ್ ಕುರ್ಚಿಯ ಕೈ ಹಿಡಿದುಕೊಂಡ. ಕುರ್ಚಿಯೇ ಕಿತ್ತು ಬಂತು. ಕಾಲುಗಳು ಅವನನ್ನು ಎತ್ತಿ ನಡುದಾರಿಗೆ ಎಸೆದವು. ಒಂದು ಹೆಜ್ಜೆ, ಒಂದು ಸುತ್ತು, ಮತ್ತೊಂದು ಹೆಜ್ಜೆ. ಜನ ಹೋ ಎಂದರು. ಇಂಥ ಪ್ರವೇಶವನ್ನು ಅವರು ಕಂಡಿರಲಿಲ್ಲ. ಚಪ್ಪಾಳೆ ಇಮ್ಮಡಿಯಾಯಿತು. ಮೆಟ್ಟಿಲ ಮೇಲೆ ಬಿದ್ದ. ಬಿದ್ದಲ್ಲೇ ಕಾಲು ಕುಣಿದವು. ಎದ್ದ. ವೇದಿಕೆ. ಕಣ್ಣು ಕುಕ್ಕುವ ಕೆಂಪು ದೀಪಗಳ ಝಳ. ಎದುರಿಗೆ ಕತ್ತಲು, ಕತ್ತಲಲ್ಲಿ ನೂರಾರು ಕೈ.

"ನಿಲ್ಲಿಸಿ," ಎಂದು ಕೂಗಿದ. "ದಮ್ಮಯ್ಯ, ನಿಲ್ಲಿಸಿ."

ಜನ ನಕ್ಕರು. ಎಷ್ಟು ಚೆನ್ನಾಗಿ ಅಭಿನಯ ಮಾಡ್ತಾನಪ್ಪಾ ಎಂದು ಯಾರೋ ಅಂದರು. ಸಿಳ್ಳೆ. ಚಪ್ಪಾಳೆ. ಪಕ್ಕದಲ್ಲಿ ಮತ್ತೊಂದು ಹೆಜ್ಜೆಯ ಸದ್ದು ಕೇಳಿತು. ಬರಿಗಾಲು. ಅವನ ಬೂಟಿಗೆ ಸರಿಸಮನಾಗಿ ಬೀಳುತ್ತಿತ್ತು. ಕಂಡದ್ದು ಏನೂ ಇಲ್ಲ. ಬಿಸಿಯುಸಿರು ಮಾತ್ರ. ಜ್ವರದ ಉಸಿರು. ಅದು ಅವನ ಕುತ್ತಿಗೆಗೆ ತಾಗುತ್ತಿತ್ತು. ಬಲ ಮಂಡಿ ಕಳಕ್ಕೆಂದಿತು. ಕುಣಿದ. ಎಡ ಹಿಮ್ಮಡಿ ಒಡೆಯಿತು. ಕುಣಿದ. ಬೂಟಿನಿಂದ ರಕ್ತ ಹಲಗೆಗೆ ಚಿಮ್ಮಿತು. ದೀಪದ ಕೆಂಪಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಷಡ್ಡಕ ಮಾಸ್ಟರ್‌ನ ಹೆಂಡತಿಯ ಭುಜ ಅಲುಗಿಸಿದ. "ಎದ್ದು ಹೇಳಮ್ಮಾ. ನನ್ನ ಗಂಡ, ನಿಲ್ಲಿಸಿ ಅಂತ ಕೂಗು. ನೀನು ಹೇಳಿದ್ರೆ ನಂಬ್ತಾರೆ."

ಅವಳು ಮಡಿಲಲ್ಲಿ ಕೈ ಕಟ್ಟಿ ಕೂತಿದ್ದಳು. ಕಣ್ಣು ವೇದಿಕೆಯ ಮೇಲೆ. ಚಪ್ಪಾಳೆ ತಟ್ಟಲಿಲ್ಲ. ಏಳಲೂ ಇಲ್ಲ.

ಷಡ್ಡಕ ಓಡಿದ. ಎಂದೂ ಯಾರ ಮೇಲೂ ದನಿಯೇರಿಸದ ಆ ಮನುಷ್ಯ ದೀಪದವನನ್ನು ತಳ್ಳಿ ಬೀಳಿಸಿ ಮೇನ್ ಸ್ವಿಚ್ ಎಳೆದ. ಕಗ್ಗತ್ತಲು. ಹೆಂಗಸರು ಕಿರುಚಿದರು. ಚಪ್ಪಾಳೆ ಚದುರಿ ನಿಂತಿತು. ಬೂಟಿನ ಸದ್ದೂ ನಿಂತಿತು. ಬರಿಗಾಲು ಮಾತ್ರ ಕತ್ತಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಡೆದಾಡಿತು, ನಿಧಾನವಾಗಿ, ದಣಿವಾರಿಸಿಕೊಳ್ಳುವವರಂತೆ.

ಮಾಸ್ಟರ್ ಸಾಯಲಿಲ್ಲ. ಎರಡೂ ಕಾಲಿಗೆ ಕಬ್ಬಿಣದ ಸಲಾಕೆ ಹಾಕಿದರು. "ಮೂಳೆ ಕೂಡಬೇಕಾದ್ರೆ ಕಾಲು ಒಂಚೂರೂ ಅಲುಗಬಾರದು. ಮತ್ತೆ ಮುರಿದ್ರೆ ಕಾಲೂ ಇಲ್ಲ, ಬಹುಶಃ ಮನುಷ್ಯನೂ ಇಲ್ಲ," ಎಂದರು ಡಾಕ್ಟರು. ದೂರದ ಪ್ರಯಾಣ ಸಲ್ಲದು, ಇದೇ ಊರಲ್ಲಿ ಮನೆ ಮಾಡಿಕೊಂಡಿರಿ ಎಂದೂ ಹೇಳಿದರು.

ಆಸ್ಪತ್ರೆಯಲ್ಲಿ ಅವನು ಹೆಂಡತಿಯ ಸೆರಗು ಹಿಡಿದುಕೊಂಡೇ ಇರುತ್ತಿದ್ದ. ನರ್ಸು ಕೈಯೊರೆಸಿಕೊಂಡರೂ ಬೆಚ್ಚುತ್ತಿದ್ದ.

"ಯಾರೂ ಇಲ್ಲದ ಕಡೆ ಮನೆ ನೋಡು. ಒಂದು ಚಪ್ಪಾಳೆನೂ ಕೇಳಬಾರದು. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಕಿತ್ತಳೆ ಸುಲಿಯುತ್ತಿದ್ದಳು. "ಒಂದು ಕೇಳ್ತೀನಿ, ನಿಜ ಹೇಳ್ತೀರಾ?"

"ಕೇಳು."

"ಅವತ್ತು ಅಭ್ಯಾಸದಲ್ಲಿ ನನ್ನ ಮಂಡಿ ಹೋಯ್ತಲ್ಲ. ನಾನು ನಾಟಕ ಮಾಡ್ತಿದೀನಿ ಅಂದುಕೊಂಡಿದ್ರಾ? ಇಲ್ಲಾ, ನೋವಾಗ್ತಿದೆ ಅಂತ ಗೊತ್ತಿತ್ತಾ?"

ಸುಳ್ಳು ಹೇಳುವ ಧೈರ್ಯವೂ ಅವನಲ್ಲಿ ಉಳಿದಿರಲಿಲ್ಲ.

"ಗೊತ್ತಿತ್ತು," ಎಂದ. "ಮುರಿದ ಸದ್ದು ಕೇಳಿಸಿತ್ತು. ಮಾರನೇ ದಿನ ಆಟ ಇತ್ತಲ್ಲ."

ಅವಳು ತಲೆಯಾಡಿಸಿ, ಒಂದು ತೊಳೆಯ ಬೀಜ ತೆಗೆದು, ಅವನ ಬಾಯಿಗಿಟ್ಟಳು.

ಮನೆ ಅವಳೇ ಹುಡುಕಿದಳು. ಅಕ್ಕನಿಗೂ ತೋರಿಸಲಿಲ್ಲ. ಗಾಳಿ ಬೆಳಕು ಚೆನ್ನಾಗಿದೆ, ಮೆಟ್ಟಿಲು ಸ್ವಲ್ಪ ಜಾಸ್ತಿ ಎಂದಷ್ಟೇ ಹೇಳಿದಳು. ಆಸ್ಪತ್ರೆಯವರು ನಿದ್ದೆಯ ಸೂಜಿ ಚುಚ್ಚಿ, ಸ್ಟ್ರೆಚರಿನಲ್ಲಿ ಹೊತ್ತು ತಂದು ಮಲಗಿಸಿ ಹೋದರು.

ಅವನಿಗೆ ಎಚ್ಚರವಾದಾಗ ಮಧ್ಯಾಹ್ನ. ಸುಣ್ಣ ಬಳಿದ ಚಿಕ್ಕ ಕೋಣೆ, ತಲೆದೆಸೆಯ ಗೋಡೆಯಲ್ಲಿ ಮುಚ್ಚಿದ ಒಂದು ಕಿಟಕಿ. ಎಲ್ಲ ಶಾಂತವಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು.

"ಒಳ್ಳೇ ಮನೆ," ಎಂದ.

"ಹೂಂ," ಎಂದಳು ಅವಳು. ಅವನ ಹೊದಿಕೆ ಸರಿಮಾಡಿ, ಕುರ್ಚಿ ಎಳೆದು ಮಂಚದ ಕಾಲ್ದೆಸೆಯಲ್ಲಿ ಹಾಕಿಕೊಂಡಳು, ಅವನ ಕಾಲುಗಳು ಚೆನ್ನಾಗಿ ಕಾಣುವ ಹಾಗೆ.

ಆಗ ಅವನ ಮೂಗಿಗೆ ಹುರಿದ ಕಡಲೆಕಾಯಿಯ ವಾಸನೆ ಬಂತು. ಆಮೇಲೆ ಗೋಡೆಯ ಆಚೆ ಬಹಳ ಹತ್ತಿರದಲ್ಲಿ ಯಾರೋ ಮೈಕು ತಟ್ಟಿ, ಹಲೋ, ಹಲೋ, ಎಂದರು. ಕುರ್ಚಿಗಳು ಕಿರುಗುಟ್ಟಿದವು. ಬಹಳ ಜನ ಕೂರುತ್ತಿದ್ದರು.

ಅವನು ಅವಳನ್ನು ನೋಡಿದ. ಸೆರಗಿಗೆ ಕೈ ಚಾಚಿದ. ಎಟಕಲಿಲ್ಲ.

"ದಿನಕ್ಕೆರಡು ಆಟ," ಎಂದಳು ಅವಳು. "ಭಾನುವಾರ ಮೂರು."

ಎದ್ದು ಹೋಗಿ ಕಿಟಕಿ ತೆರೆದಳು. ಆಚೆ ಪರದೆ ಕರಕರ ಎಂದು ಮೇಲೇರಿತು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ಶುರು ಮಾಡಿದರು.