ನಂಬಿ ನಿಂತವರ ಅಳತೆ

"ಆ ಅಳತೆ ಪುಸ್ತಕ ಓದಮ್ಮ, ಬೇಡ ಅನ್ನಲ್ಲ. ಆದ್ರೆ ಅದರಲ್ಲಿ ನಿನ್ನ ಮೈಯಳತೆ ಮಾತ್ರ ಬೀಳದ ಹಾಗೆ ನೋಡ್ಕೋ," ಎಂದಳು ಗುಂಡಿಯಜ್ಜಿ. ಐವತ್ತು ವರ್ಷದಿಂದ ಆ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಬಂದವಳು. ನಿಜವಾದ ಹೆಸರು ಅವಳಿಗೇ ನೆನಪಿತ್ತೋ ಇಲ್ಲವೋ.

"ಬಿದ್ದರೆ ಏನಾಗುತ್ತೆ ಅಜ್ಜಿ, ದಪ್ಪ ಆಗ್ತೀನಾ?" ಅಂಗಡಿಯೊಡತಿಯ ತಂಗಿ ನಕ್ಕಳು. ಹಳೆಯ ಡೈರಿ, ಲೆಕ್ಕದ ಪುಸ್ತಕಗಳನ್ನು ಓದಿ ಜನರ ದಿನನಿತ್ಯದ ಬದುಕನ್ನು ಬರೆಯುವುದು ಅವಳ ಕೆಲಸ. ಅದಕ್ಕೆಂದೇ ಅಕ್ಕನ ಅಂಗಡಿಗೆ ಬಂದಿದ್ದಳು.

ಅಜ್ಜಿ ನಗಲಿಲ್ಲ. "ಮುಗಿದುಹೋಗ್ತೀಯ. ಅಂಗಡಿ ಕಟ್ಟಿದೋನು ಕೆಲಸ ಎಂದೂ ನಿಲ್ಲಬಾರದು ಅಂತ ಮಾಟ ಮಾಡಿಸಿದ. ಅದಕ್ಕೆ ಸದಾ ಒಬ್ಬರು ಈ ಪುಸ್ತಕದೊಳಗೆ ಸವೆಯುತ್ತಾ ಇರಬೇಕು. ಅವರು ಬಿಡಿಸಿಕೊಳ್ಳಬೇಕು ಅಂದ್ರೆ, ಗಿರಾಕಿಗಳದು ಸಾಲದು, ತಮ್ಮನ್ನ ನಂಬಿ ನಿಂತವರ ಅಳತೆ ತೆಗೆದು ಇದರಲ್ಲಿ ಬರೀಬೇಕು."

"ಈ ಕತೇನೂ ಬರ್ಕೋತೀನಿ, ಬಿಡಿ."

ಅದೇ ಮಧ್ಯಾಹ್ನ ಅಕ್ಕ ಟೇಪು ಹಿಡಿದು ಬಂದಳು. "ಚಳಿಗೊಂದು ಕೋಟು ಹೊಲೀತೀನಿ, ಬಾರೇ. ಹೊಟ್ಟೆ ಒಳಗೆ ಎಳ್ಕೋಬೇಡ ಕಳ್ಳಿ, ನನ್ನ ಹತ್ರ ಏನು ನಾಚಿಕೆ?"

ತಂಗಿ ಕೈಚಾಚಿ ನಿಂತಳು. ಟೇಪು ಹಿಡಿದದ್ದು ಚಿಕ್ಕಂದಿನಲ್ಲಿ ತನಗೆ ಸ್ನಾನ ಮಾಡಿಸಿದ ಅಕ್ಕನ ಕೈಗಳು. ಈಗ ಕಡ್ಡಿಯಂತೆ ಒಣಗಿದ್ದವು; ಯಾವ ಡಾಕ್ಟರಿಗೂ ಕಾರಣ ಸಿಕ್ಕಿರಲಿಲ್ಲ.

ಪುಸ್ತಕವಿದ್ದ ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ನಡುಮಧ್ಯಾಹ್ನವೂ ಅಲ್ಲಿ ಕತ್ತಲು. ಯಂತ್ರದ ಎಣ್ಣೆ, ಇಸ್ತ್ರಿಗೆ ಕರಕಲಾದ ಬಟ್ಟೆ, ಮುಗ್ಗಿದ ಕಾಗದದ ವಾಸನೆ. ದೀಪದಡಿ ಅಂಕಿಗಳು ಮಾತಾಡಿದವು. ಒಬ್ಬ ಹುಡುಗ ಪುಟದಿಂದ ಪುಟಕ್ಕೆ ಬೆಳೆದಿದ್ದ. ಒಬ್ಬ ಹೆಂಗಸಿನ ಸೊಂಟ ಏರಿ ಇಳಿದಿತ್ತು. ಆಮೇಲೆ ಮಗುವಿನ ಬಟ್ಟೆಯ ಸುದ್ದಿಯೇ ಇರಲಿಲ್ಲ. ಅಂಚಿನಲ್ಲಿ ಯಾರೋ ಹಳೆಯ ದರ್ಜಿಯ ಪುಟ್ಟ ಅಕ್ಷರ: 'ಬೆಳೆಯುವ ಮಗು, ಒಳಮಡಿಕೆಯಲ್ಲಿ ಎರಡಿಂಚು ಬಿಡಿ.' 'ಎಡಗೈ ಇಲ್ಲ. ತೋಳನ್ನು ಜೇಬಿಗೆ ಸೇರಿಸಿ ಹೊಲಿಯಿರಿ. ಕೇಳಿ ನೋಯಿಸಬೇಡಿ.' ತಂಗಿಯ ಕಣ್ಣು ತುಂಬಿತು. ಇಂಥ ಪುಸ್ತಕಕ್ಕೆ ಮಾಟವೇ?

ಎರಡನೇ ವಾರ ಉಂಗುರ ಜಾರಿಬಿತ್ತು. ನಾಲ್ಕನೇ ವಾರ ಚಪ್ಪಲಿ ಕಾಲಲ್ಲಿ ನಿಲ್ಲಲಿಲ್ಲ. ಆಮೇಲೆ ಮೇಜು ಎತ್ತರವಾಯಿತು. ಅತ್ತ ಅಕ್ಕನ ಕೆನ್ನೆ ತುಂಬಿಕೊಂಡಿತು. "ಓದಿ ಓದಿ ಸೊರಗಿದೀಯ," ಎಂದು ಬಿಸಿಹಾಲು ಕೊಡುವಾಗ ಮುಖ ಮಾತ್ರ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಂಗಿ ಕೊನೆಯ ಪುಟಗಳನ್ನು ತೆಗೆದಳು.

ಅಕ್ಕನ ಹೆಸರು. ಎದೆ ಮೂವತ್ತನಾಲ್ಕು. ಮೂವತ್ತೊಂದು. ಇಪ್ಪತ್ತೇಳು. ಅದರ ಮೇಲೆ ಒಂದು ಗೆರೆ ಎಳೆದಿತ್ತು. ಕೆಳಗೆ ತನ್ನದೇ ಹೆಸರು. ಕೋಟಿಗೆ ಅಳತೆ ಕೊಟ್ಟ ದಿನದ ತಾರೀಖು. ಕೈಬರಹ ಅಕ್ಕನದು. ಅದರಡಿಯ ಅಂಕಿಗಳನ್ನು ಯಾರೂ ಬರೆದಿರಲಿಲ್ಲ. ನೋಡನೋಡುತ್ತಿದ್ದಂತೆ ಕಾಗದದೊಳಗಿಂದ ಶಾಯಿ ಒಸರಿ ಇನ್ನೊಂದು ಸಾಲು ಮೂಡಿತು. ಮೂಲೆಯ ಯಂತ್ರ ಯಾರೂ ತುಳಿಯದೆ ಓಡತೊಡಗಿತು. ಕಟಕಟಕಟ.

"ಅಕ್ಕಾ!"

ಬಾಗಿಲಲ್ಲಿ ನಿಂತಿದ್ದ ಅಕ್ಕ ತೆರೆದ ಪುಟದತ್ತ ನೋಡಿದಳು. "ಮುಂಚೆ ಅಂಗಡಿ ನಡೆಸ್ತಿದ್ದ ನಮ್ಮತ್ತೆ ತಾವು ಬಿಡಿಸ್ಕೊಳ್ಳೋಕೆ ನನ್ನದು ಬರೆದಿದ್ದರು. ನಾನು..."

"ನನ್ನದು ಬರೆದೆ."

"ನನಗೆ ಪುಟ್ಟಿ ಇದಾಳೆ ಕಣೇ. ನಿನಗೆ ಯಾರಿದಾರೆ?"

"ನೀನಿದೀಯ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಶಾಲೆಯಿಂದ ಬಂದ ಪುಟ್ಟಿ ಅಮ್ಮನ ಪಕ್ಕದಿಂದ ನುಸುಳಿ ಒಳಗೋಡಿದಳು. ಆರು ವರ್ಷದ ಹುಡುಗಿ. ಈಗ ಚಿಕ್ಕಮ್ಮನ ಭುಜಕ್ಕೆ ಬರುತ್ತಿದ್ದಳು. "ಚಿಕ್ಕಮ್ಮ, ನನಗೂ ಅಳತೆ ತೆಗಿ! ನನಗೂ ಕೋಟು!" ಎರಡೂ ಕೈ ಅಗಲಿಸಿ ನಿಂತಳು.

ಟೇಪು ಮೇಜಿನ ಮೇಲಿತ್ತು. ತಂಗಿ ಎತ್ತಿಕೊಂಡಳು. ಮಗುವಿನ ಬೆನ್ನ ಹಿಂದೆ ಹಾಯಿಸಿದಳು. ಸೀಮೆಸುಣ್ಣದ ವಾಸನೆ. ಬೆಚ್ಚನೆಯ ಮೈ. ಕಟಕಟಕಟ. ಒಂದು ಸಾಲು ಸಾಕು. ಒಂದೇ ಸಾಲು.

"ಬೇಡ!" ಅಕ್ಕ ನಡುವೆ ಬಂದು ಕೈಚಾಚಿದಳು. "ನನ್ನದು ತೆಗಿ! ನನ್ನದೇ ಬರಿ!"

ತಂಗಿ ಟೇಪನ್ನು ಅಕ್ಕನ ಎದೆಗೆ ಸುತ್ತಿದಳು. ಬರೆದಳು. ಗೀರು ಮೂಡಲಿಲ್ಲ. ಒತ್ತಿದಳು. ಕಾಗದ ತಗ್ಗಾಯಿತು. ಮೂಡಲಿಲ್ಲ. ಟೇಪಿನೊಳಗೆ ಅಕ್ಕ ಗಡಗಡ ನಡುಗುತ್ತಿದ್ದಳು, ತಂಗಿಯ ಕೈ ಕಂಡರೇ ಹೆದರಿ.

"ನಂಬಿ ನಿಂತವರದು ಮಾತ್ರ," ಹೊರಗಿನಿಂದ ಗುಂಡಿಯಜ್ಜಿಯ ದನಿ ಕೇಳಿತು.

ಪುಟ್ಟಿ ಇನ್ನೂ ಕೈ ಅಗಲಿಸಿಕೊಂಡೇ ನಿಂತಿದ್ದಳು, ನಗುತ್ತಾ.

"ಕೈ ಇಳಿಸು ಮರಿ," ಎಂದಳು ತಂಗಿ. "ಅಮ್ಮನ ಕರ್ಕೊಂಡು ಮನೆಗೆ ಹೋಗು."

ಆ ರಾತ್ರಿಯಿಡೀ ಯಂತ್ರ ಓಡುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದವಳು ಅಜ್ಜಿ. ಕುರ್ಚಿಯ ಮೇಲೆ ಅಕ್ಕ ಹೊಲಿದುಕೊಟ್ಟ ಕೋಟು ಮಾತ್ರ ಇತ್ತು, ಗುಂಡಿಗಳೆಲ್ಲ ಹಾಕಿದ್ದಂತೆಯೇ. ಪುಸ್ತಕದ ಕೊನೆಯ ಸಾಲಿನಲ್ಲಿ ಬರೀ ಸೊನ್ನೆಗಳು. ಅಂಚಿನಲ್ಲಿ ತಂಗಿಯ ಅಕ್ಷರ:

'ಈ ಕೋಟು ಬಿಚ್ಚಿ ಪುಟ್ಟಿಗೆ ಹೊಲಿಯಿರಿ. ಒಳಮಡಿಕೆಯಲ್ಲಿ ಎರಡಿಂಚು ಬಿಡಿ, ಬೆಳೆಯುವ ಮಗು. ಕಣ್ಣಂದಾಜಿನಲ್ಲೇ ಕತ್ತರಿಸಿ. ಅಳತೆ ಮಾತ್ರ ತೆಗೆಯಬೇಡಿ.'