ಗೊಣಗಿ ಎಂಬ ಹೆಸರಿನ ಮೂಲ

"ಇಷ್ಟೊಂದು ಕೆಂಪು ಮಸಿ ಖರ್ಚು ಮಾಡೋಕೆ ನಿಮಗೆ ನಾನೇ ಬೇಕಿತ್ತಾ?"

ಹಾಳೆಗಳ ಕಟ್ಟನ್ನು ಅವನ ಮೇಜಿನ ಮೇಲೆ ದೊಪ್ಪಂತ ಹಾಕಿ ಅವಳು ಆಡಿದ ಮೊದಲ ಮಾತೇ ಇದು.

ಪ್ರಕಾಶಕರ ಆ ಕಚೇರಿಗೆ ಅವಳು ಸೇರಿ ಹದಿನೈದು ದಿನವಾಗಿತ್ತಷ್ಟೇ. ಮಕ್ಕಳ ಮುದ್ದಿನ ಹೆಸರುಗಳ ಪುಸ್ತಕ ಮಾಡಿಕೊಡುವುದು ಅವಳ ಕೆಲಸ. ಪ್ರತಿ ಹೆಸರಿನ ಎದುರು ಅದರ ಮೂಲ, ಅರ್ಥ ಇರಬೇಕು. ನಿದ್ದೆಗೆಟ್ಟು ಮುನ್ನೂರು ಹೆಸರು ಬರೆದಿದ್ದಳು. ಪ್ರೂಫ್ ನೋಡುವ ಈ ಮಹಾಶಯ ಅದರಲ್ಲಿ ನೂರಾರು ಹೆಸರಿನ ಪಕ್ಕ 'ಮೂಲ?' ಎಂದು ಗೀಚಿ ವಾಪಸ್ ಕಳಿಸಿದ್ದ.

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಸಿಟ್ಟಿಲ್ಲ, ಗಾಬರಿಯಿಲ್ಲ.

"ಬುಜ್ಜಿ ಅಂದ್ರೆ ಮುದ್ದಾದ ಮಗು, ಪುಟ್ಟಿ ಅಂದ್ರೂ ಮುದ್ದಾದ ಮಗು, ಚಿನ್ನು ಅಂದ್ರೂ ಅದೇ. ಹೀಗೆ ಬರೆದ್ರೆ ಓದೋರಿಗೆ ಏನು ಸಿಗುತ್ತೆ ಮೇಡಂ? ಮುದ್ದಿನ ಹೆಸರು ಯಾವುದೋ ಒಂದು ಮನೇಲಿ ಹುಟ್ಟಿರುತ್ತೆ. ಆ ಮನೆ ಹುಡುಕಿ."

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನದಿಂದ ಊಟದ ಬಿಡುವಿನಲ್ಲಿ ಅವಳು ಹೆಸರು ಹುಡುಕಿಕೊಂಡು ಬೀದಿಗಿಳಿದಳು. ಮೂರನೆಯ ದಿನ ಅವನೂ ಜೊತೆಗೆ ಬಂದ. ತಪ್ಪು ತಿದ್ದುವವನಿಗೂ ವಿಷಯ ಗೊತ್ತಿರಬೇಕಲ್ಲ ಎಂಬ ನೆಪ ಬೇರೆ. 'ಬರಲಿ ಬಿಡು, ಚೀಲ ಹೊರೋಕೆ ಒಂದು ಜನ ಆಯ್ತು' ಎಂದುಕೊಂಡಳು ಅವಳು.

ಹೆಸರುಗಳು ಒಂದೊಂದಾಗಿ ಸಿಕ್ಕವು. ದರ್ಜಿ ತಾತನ ಮೊಮ್ಮಗಳ ಹೆಸರು ಗುಂಡಿ. ತಾತನ ಅಂಗಿಯ ಗುಂಡಿ ಹಿಡಿದುಕೊಳ್ಳದೆ ಆ ಕೂಸು ನಿದ್ದೆಯನ್ನೇ ಮಾಡುತ್ತಿರಲಿಲ್ಲವಂತೆ. ಬಸ್ ಕಂಡಕ್ಟರ್ ಒಬ್ಬರ ಮಗ ರೈಟು. ಎಷ್ಟು ರಂಪ ಮಾಡುತ್ತಿದ್ದರೂ ಅಪ್ಪ "ರೈಟ್, ರೈಟ್" ಎಂದರೆ ಸಾಕು, ಗಪ್‌ಚಿಪ್! ಇವಳು ಕೇಳುವುದು, ಅವನು ಬರೆದುಕೊಳ್ಳುವುದು, ದಾರಿಯುದ್ದಕ್ಕೂ ಇಬ್ಬರೂ ನಗುವುದು. ಇದೇ ಅಭ್ಯಾಸವಾಗಿಹೋಯಿತು. ಭಾನುವಾರ ಬಂದರೆ ಅವಳಿಗೆ ಬೇಜಾರು. ಯಾಕೆ ಅಂತ ತನ್ನನ್ನು ತಾನು ಕೇಳಿಕೊಳ್ಳಲು ಮಾತ್ರ ಹೋಗಲಿಲ್ಲ.

ಒಂದು ಮಧ್ಯಾಹ್ನ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಾಗ ಅವನು ಮೆಲ್ಲಗೆ ಕೇಳಿದ.

"ನಿಮ್ಮನ್ನ ಮನೇಲಿ ಏನಂತ ಕರೀತಾರೆ?"

ಅವಳು ಊಟದ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು... ಗೊಣಗಿ ಅಂತ. ಮಾತು ಬರುವ ಮೊದಲೇ ತೊಟ್ಟಿಲಲ್ಲಿ ಮಲಗಿ ಸೂರು ನೋಡುತ್ತಾ ಗೊಣಗುತ್ತಿದ್ದಳಂತೆ. 'ನನ್ನ ಮೇಲೇ ದೂರು ಹೇಳ್ತಿದಾಳೆ ನೋಡು' ಎಂದು ಅಪ್ಪ ನಕ್ಕು ನಕ್ಕು ಇಟ್ಟ ಹೆಸರು. ಅಪ್ಪ ಒಬ್ಬರೇ ಹಾಗೆ ಕರೆಯುತ್ತಿದ್ದದ್ದು. ಅವರು ಹೋಗಿ ಆರು ವರ್ಷ. ಅಂದಿನಿಂದ ಆ ಹೆಸರು ಯಾರ ಬಾಯಲ್ಲೂ ಬಂದಿಲ್ಲ. ಬೇರೆಯವರು ಕರೆಯುವುದು ಅವಳಿಗೆ ಬೇಕಾಗಿಯೂ ಇಲ್ಲ.

ಅವನು ಅದನ್ನು ಬರೆದುಕೊಳ್ಳಲಿಲ್ಲ. ಅದೊಂದಕ್ಕೇ ಅವಳಿಗೆ ಅವನು ಇನ್ನಷ್ಟು ಹಿಡಿಸಿಬಿಟ್ಟ.

ಎರಡು ವಾರ ಕಳೆಯಿತು. ಪುಸ್ತಕ ಅಚ್ಚಿಗೆ ಹೋಗಲು ನಾಲ್ಕೇ ದಿನ ಬಾಕಿ. ಬೆಳಿಗ್ಗೆ ಅವಳು ಒಳಗೆ ಕಾಲಿಡುತ್ತಿದ್ದಂತೆ ಪ್ರಕಾಶನದ ಯಜಮಾನರು ಹೆಸರುಗಳ ಪಟ್ಟಿ ಹಿಡಿದು ನಗುತ್ತಿದ್ದರು.

"ಗುಬ್ಬಿ, ಗೊಂಬೆ, ಗೊಣಗಿ... ಗೊಣಗಿ! ಚೆನ್ನಾಗಿದೆಯಮ್ಮ, ಎಲ್ಲಿ ಸಿಕ್ತು ಇದು?"

ಅವಳು ಬಾಗಿಲಲ್ಲೇ ನಿಂತಳು. ಆರು ವರ್ಷದ ಮೇಲೆ ಮೊದಲ ಸಲ ಆ ಹೆಸರು ಇನ್ನೊಬ್ಬರ ಬಾಯಿಂದ ಕಿವಿಗೆ ಬಿದ್ದದ್ದು ಹೀಗೆ, ಒಂದು ಪಟ್ಟಿಯ ನಡುವೆ... ಅಚ್ಚಾಗುವುದು ಎರಡು ಸಾವಿರ ಪ್ರತಿ. ಯಾರು ಯಾರೋ ತಮ್ಮ ಮಕ್ಕಳಿಗೆ ಇಡುತ್ತಾರೆ. ಅಪ್ಪ ತನಗೆಂದು ಬಿಟ್ಟುಹೋದದ್ದು ಅದೊಂದೇ ಆಗಿತ್ತು.

ನೇರ ಅವನ ಮೇಜಿಗೆ ಹೋದಳು.

"ನಾನು ಹೇಳಿದ್ದು ನಿಮಗೆ. ಪುಸ್ತಕಕ್ಕಲ್ಲ."

ಅವನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಎದ್ದ. ಅವಳು ಕೇಳಲು ನಿಲ್ಲಲಿಲ್ಲ. ಮುಂದಿನ ಮೂರು ದಿನ ಅವನ ಕಡೆ ತಿರುಗಿಯೂ ನೋಡಲಿಲ್ಲ. 'ನಂಬಿದ್ದು ನನ್ನದೇ ತಪ್ಪು' ಎಂದು ಮನಸ್ಸಿಗೆ ಬುದ್ಧಿ ಹೇಳಿದಳು. ಮನಸ್ಸು ಹಾಳಾದ್ದು, ಮಾತು ಕೇಳಲಿಲ್ಲ.

ನಾಲ್ಕನೆಯ ದಿನ ಟೈಪ್ ಮಾಡುವ ಅಕ್ಕ ಒಂದು ಪುಟ ಹಿಡಿದು ಬಂದರು. ಅವರದು ಇಪ್ಪತ್ತು ವರ್ಷದ ಪದ್ಧತಿ: ಪ್ರೂಫಿನ ಅಂಚಿನಲ್ಲಿ ಕೆಂಪು ಅಕ್ಷರ ಕಂಡರೆ ಅದನ್ನು ಹಾಗೇ ಪುಟಕ್ಕೆ ಸೇರಿಸುವುದು. ಯಾಕೆ, ಏನು ಎಂದು ಕೇಳುವುದು ಅವರ ಕೆಲಸವಲ್ಲ.

"ಅವನು ಟೀ ಕುಡಿಯೋಕೆ ಹೋಗಿದ್ದಾಗ ಮೇಜಿನ ಮೇಲಿಂದ ಈ ಪ್ರೂಫ್ ನಾನೇ ತಗೊಂಡು ಬಂದೆ ಕಣಮ್ಮ. ಅಂಚಲ್ಲಿ ಬರೆದಿತ್ತು, ಸೇರಿಸಿದೆ. ತೆಗೀರಿ ತೆಗೀರಿ ಅಂತ ಮೂರು ದಿನದಿಂದ ಪ್ರಾಣ ತಿಂತಿದಾನೆ. ಕೊನೇ ಪ್ರೂಫಲ್ಲಿ ತೆಗೀಬೇಕಂದ್ರೆ ಪುಸ್ತಕ ಬರೆದ ನಿನ್ನ ಸಹಿ ಬೇಕು. ನಿನ್ನ ಹತ್ರ ಬರೋಕೆ ಅವನಿಗೆ ಧೈರ್ಯ ಇಲ್ಲ. ಓದಿದೀಯಾ ಇದನ್ನ?"

ಇಲ್ಲ. ಅವಳು ಓದೇ ಇರಲಿಲ್ಲ.

'ಗೊಣಗಿ. ಮೂಲ: ತೊಟ್ಟಿಲಲ್ಲಿ ಗೊಣಗುತ್ತಿದ್ದ ಮಗುವಿಗೆ ಅಪ್ಪ ಇಟ್ಟ ಹೆಸರು. ಅರ್ಥ: ಯಾರ ಗೊಣಗಾಟ ಕಿವಿಗೆ ಬೀಳದಿದ್ದರೆ ನನಗೆ ದಿನ ಹೋಗುವುದಿಲ್ಲವೋ ಅವಳು. ಒಂದೇ ಒಂದು ಸಲ ಹಾಗೆ ಕರೆಯಬೇಕೆಂಬ ಆಸೆ. ಕೇಳಲು ಬಾಯಿ ಬರುತ್ತಿಲ್ಲ.'

ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು. ಪುಸ್ತಕಕ್ಕೆಂದು ಬರೆದದ್ದಲ್ಲ ಇದು... ಕೈಗೆ ಸಿಕ್ಕ ಕಾಗದದ ಮೇಲೆ ತನ್ನಷ್ಟಕ್ಕೆ ತಾನು ತೋಡಿಕೊಂಡದ್ದು. ಮೂರು ದಿನ ಅವನನ್ನು ಎಷ್ಟು ನೋಯಿಸಿಬಿಟ್ಟೆ!

ಪುಟ ಹಿಡಿದು ಅವನ ಎದುರು ನಿಂತಳು. ಅವನದೇ ಪೆನ್ನು ತೆಗೆದುಕೊಂಡು ಆ ಸಾಲುಗಳಿಗೆ ಅಡ್ಡಗೆರೆ ಎಳೆದು ಸಹಿ ಹಾಕಿದಳು.

"ಇದು ಪುಸ್ತಕಕ್ಕೆ ಬೇಡ."

"ಸರಿ ಮೇಡಂ. ತಪ್ಪಾಯ್ತು." ಅವನು ತಲೆ ಎತ್ತಲಿಲ್ಲ.

"ಪೂರ್ತಿ ಕೇಳ್ರೀ. ಎರಡು ಸಾವಿರ ಮನೆಗೆ ಬೇಡ ಅಂದೆ. ಒಂದು ಮನೇಲಿ ಇರಲಿ."

"ಯಾವ ಮನೇಲಿ?"

"ಹೀಗೆಲ್ಲ ಬರೆಯೋಕೆ ಬರುತ್ತೆ, ಇಷ್ಟು ಅರ್ಥ ಆಗಲ್ವಾ? ನಮ್ಮ ಮನೇಲಿ. ನಿಮ್ಮದು, ನಂದು."

ಅವನು ಈಗ ತಲೆ ಎತ್ತಿದ. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು. ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ, ಪಕ್ಕದ ಮೇಜಿಗೂ ಕೇಳಿಸದಷ್ಟು ಮೆಲ್ಲಗೆ, ಕರೆದ.

"ಗೊಣಗಿ..."

ಅವಳು ಪೆನ್ನನ್ನು ಅವನ ಮೇಜಿನ ಮೇಲಿಟ್ಟಳು.

"ಇನ್ನೊಂದು ಸಲ ಕರೀರಿ."

ಅವನು ಕರೆದ.