ಗಾಡಿ ಮನೇಲಿದೆಯಾ?

ಹಿಂದಿನ ಕಾರು ಮತ್ತೆ ಹಾರ್ನ್ ಮಾಡಿತು.

ಸಿಗ್ನಲ್ ದಾಟಿದಾಗಿನಿಂದ ಇದೇ ಆಟ. ಹಾರ್ನ್, ಆಮೇಲೆ ಲೈಟ್ ಮಿಣುಕಿಸುವುದು, ಮತ್ತೆ ಹಾರ್ನ್!

ಅವಳು ಕನ್ನಡಿಯಲ್ಲಿ ನೋಡಿದಳು. ಬೂದು ಬಣ್ಣದ ಹಳೆಯ ಕಾರು. ಒಳಗೆ ಒಬ್ಬನೇ ಯುವಕ. ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಸನ್ನೆ ಮಾಡುತ್ತಿದ್ದಾನೆ.

‘ಡ್ರೈವಿಂಗ್ ಸ್ಕೂಲ್ ಬೋರ್ಡ್ ಕಂಡ್ರೆ ಸಾಕು, ಇವರಿಗೆಲ್ಲ ತಮಾಷೆ... ಅದರಲ್ಲೂ ಹುಡುಗಿ ಒಬ್ಬಳೇ ಇದ್ರಂತೂ!’

ಆ ಡ್ರೈವಿಂಗ್ ಸ್ಕೂಲ್ ಅವಳ ಅಪ್ಪನದು. ಇರುವುದು ಇದೊಂದೇ ಕಾರು. ಡಿಗ್ರಿ ಮುಗಿಸಿದ ಮಗಳು ಕಲಿಯುವವರ ಅರ್ಜಿ ತುಂಬುತ್ತಾಳೆ, ಲೈಸೆನ್ಸ್ ಆಫೀಸಿಗೆ ಓಡಾಡುತ್ತಾಳೆ. ಮಾತು ಮಾತ್ರ ಅಳೆದು ತೂಗಿ. ಇಳಿದು ನಿಂತು ಯಾರನ್ನಾದರೂ ಗದರಿಸುವುದು ಅವಳಿಂದ ಈ ಜನ್ಮದಲ್ಲಿ ಆಗದ ಕೆಲಸ.

ಹಾಗಾಗಿ ಅವಳಿಗೆ ತಿಳಿದಿದ್ದು ಒಂದೇ. ಆಕ್ಸಿಲರೇಟರ್ ಒತ್ತಿದಳು. ಲೈಟ್ ಹಾಕಿಕೊಂಡು ಸುರಂಗದೊಳಗೆ ನುಗ್ಗಿದಳು.

ಮಟಮಟ ಮಧ್ಯಾಹ್ನ ಹೊರಗೇ ಉಳಿಯಿತು. ಸುರಂಗದ ಒಳಗಿನ ದೀಪಗಳು ಕೆಟ್ಟು ಎಷ್ಟೋ ತಿಂಗಳಾಗಿತ್ತು. ನಡುವೆ ಒಂದು ತಿರುವು. ಸರಿಯಾಗಿ ಅಲ್ಲಿಗೆ ಬಂದಾಗ...

ಎರಡೂ ಹೆಡ್‌ಲೈಟ್ ಒಟ್ಟಿಗೆ ಆರಿಹೋದವು!

ರಸ್ತೆಯೇ ಇಲ್ಲ. ಗೋಡೆಯೂ ಇಲ್ಲ. ಸ್ಟಿಯರಿಂಗ್ ಹಿಡಿದ ಅವಳ ಕೈ ಕೂಡ ಅವಳಿಗೆ ಕಾಣಲಿಲ್ಲ. ಎಲ್ಲೋ ಎದುರಿನಿಂದ ಲಾರಿಯ ಗುಡುಗು.

‘ಅಮ್ಮಾ...’

ಅಷ್ಟರಲ್ಲಿ ಹಿಂದಿನಿಂದ ಬೆಳಕು ಹರಿದು ಬಂತು. ಬೂದು ಕಾರು ಅವಳಿಗೆ ಅಂಟಿಕೊಂಡಂತೆ ಬಂದು, ಅರ್ಧ ಬಲಕ್ಕೆ ಸರಿದು, ಹೈ ಬೀಮ್ ಹಾಕಿತ್ತು. ರಸ್ತೆಯ ಬಿಳಿ ಗೆರೆ ಒಮ್ಮೆಲೇ ಕಂಡಿತು! ಲಾರಿ ಹತ್ತಿರವಾದಾಗ ಅವನು ಕ್ಷಣಮಾತ್ರ ಒಳಗೆ ಸರಿದ. ಅದು ಉಜ್ಜಿಕೊಂಡಂತೆ ದಾಟಿ ಹೋದೊಡನೆ ಮತ್ತೆ ಬಲಕ್ಕೆ ಬಂದು ಬೆಳಕು ಹಿಡಿದ.

ಆ ಬಿಳಿ ಗೆರೆಯನ್ನೇ ನಂಬಿಕೊಂಡು ಅವಳು ಹೊರಗೆ ಬಂದಳು.

ಬದಿಗೆ ನಿಲ್ಲಿಸಿ ಇಳಿದಳು. ಅವನು ಆಗಲೇ ಧಾವಿಸಿ ಬಂದಿದ್ದ.

“ಎಷ್ಟು ಹಾರ್ನ್ ಮಾಡೋದು ರೀ? ಕಿವಿ ಕೇಳಲ್ವಾ ನಿಮಗೆ?”

“ನೀವು... ನೀವ್ಯಾಕೆ ನನ್ನ ಹಿಂದೆ ಬಿದ್ರಿ?” ಗದರಿಸಬೇಕೆಂದುಕೊಂಡಿದ್ದಳು. ಬಂದದ್ದು ಪಿಸುಮಾತು.

ಅವನು ಏನೋ ಹೇಳಲು ಹೋಗಿ ನುಂಗಿಕೊಂಡ. “ಅದು ಆಮೇಲೆ. ಮೊದ್ಲು ಬಾನೆಟ್ ತೆಗೀರಿ.”

ಆಗ ಅವಳು ಅವನ ನೀಲಿ ಶರ್ಟ್ ನೋಡಿದಳು. ಈ ಕಾರಿನ ಕಂಪನಿಯದೇ ಸರ್ವಿಸ್ ಸೆಂಟರಿನ ಯೂನಿಫಾರ್ಮ್. ಜೇಬಿನ ಮೇಲೆ ಹೆಸರಿಲ್ಲ, ‘14’ ಎಂದಷ್ಟೇ ಹೊಲಿದಿತ್ತು.

ಅವನು ಒಳಗೆ ಕೈ ಹಾಕಿ, ಚುರ್ರೆಂದು ಹಿಂದಕ್ಕೆಳೆದುಕೊಂಡ. “ಲೈಟಿಗೆ ಕರೆಂಟ್ ಕೊಡೋ ಡಬ್ಬಿ ಇದು. ಕಾದ ಹೆಂಚಾಗಿದೆ. ಇದಕ್ಕೆ ರೀಕಾಲ್ ಇದೆ ಕಣ್ರೀ. ತಯಾರಿಸುವಾಗಲೇ ತಪ್ಪಾಗಿದೆ ಅಂತ ಕಂಪನಿಯವರೇ ಗಾಡಿ ವಾಪಸ್ ಕರೆದು, ಹೊಸದು ಹಾಕ್ಕೊಡ್ತಾರೆ.”

“ಅದು ಹೋದ ತಿಂಗಳೇ ಆಯ್ತಲ್ಲ! ಅಪ್ಪ ಹೋಗಿ ಮಾಡಿಸ್ಕೊಂಡು ಬಂದ್ರು.” ಅವಳು ಡ್ಯಾಶ್‌ಬೋರ್ಡಿನಿಂದ ಸೀಲ್ ಹಾಕಿದ ಕಾಗದ ತೆಗೆದು ಕೊಟ್ಟಳು.

ಅವನು ಓದಿದ. ಮುಖದ ರಕ್ತವೆಲ್ಲ ಇಳಿದುಹೋಯಿತು. ಮಡಚಿ ವಾಪಸ್ ಕೊಟ್ಟ.

ಅದೇ ಹೊತ್ತಿಗೆ ಲೈಟುಗಳು ತಾವಾಗಿಯೇ ಹತ್ತಿಕೊಂಡವು.

“ನೋಡಿ, ಬಂತು!”

“ಅದೇ ಮೋಸ. ಕಾದ್ರೆ ಹೋಗುತ್ತೆ, ತಣ್ಣಗಾದ್ರೆ ಬರುತ್ತೆ.” ಅವನು ಅವಳ ಕಣ್ಣು ತಪ್ಪಿಸಿದ. “ನಾಳೆ ಸರ್ವಿಸ್ ಸೆಂಟರ್‌ಗೆ ತನ್ನಿ. ಅಲ್ಲೀವರೆಗೆ ಕತ್ತಲಿಗೆ, ಸುರಂಗಕ್ಕೆ... ಬೇಡ. ದಯವಿಟ್ಟು.”

ಮನೆ ತಲುಪಿದ ಮೇಲೂ ಆ ‘ದಯವಿಟ್ಟು’ ಅವಳ ಕಿವಿಯಲ್ಲೇ ಕುಳಿತಿತ್ತು.

*

“ಉರೀತಿದೆಯಲ್ಲೇ ಪುಟ್ಟಿ!” ಅಪ್ಪ ಅಂಗಳದಲ್ಲಿ ಲೈಟ್ ಹಾಕಿ ಆರಿಸಿ ತೋರಿಸಿದರು. ಊರಿಗೆಲ್ಲ ಅವರು ಕ್ಲಚ್ ಮೇಷ್ಟ್ರು. ದಿನಕ್ಕೆ ನೂರು ಸಲ “ಕ್ಲಚ್, ಕ್ಲಚ್!” ಎಂದು ಕೂಗಿ ಕೂಗಿ ಬಂದ ಬಿರುದು. “ಗಾಬರೀಲಿ ನೀನೇ ಸ್ವಿಚ್ ಮುಟ್ಟಿರ್ತೀಯ.”

“ಇಲ್ಲಪ್ಪ...”

“ಸೀಲ್ ಹಾಕಿ ಕೊಟ್ಟಿದ್ದಾರೆ. ಗಾಡಿ ತೊಳೆದೂ ಕೊಟ್ಟಿದ್ದಾರೆ! ಕೆಲಸ ಮಾಡದೇ ಇರೋರು ತೊಳೆದು ಕೊಡ್ತಾರೇನೆ?”

“ಅವಳು ಬಾಯಿ ಬಿಡೋದೇ ವರ್ಷಕ್ಕೊಂದ್ಸಲ. ಸ್ವಲ್ಪ ಕೇಳ್ರೀ,” ಎಂದರು ಅಮ್ಮ ಒಳಗಿನಿಂದ.

ಮರುದಿನ ಸರ್ವಿಸ್ ಸೆಂಟರಿನ ಕೌಂಟರಿನಾಕೆ ಕಂಪ್ಯೂಟರ್ ಪರದೆಯನ್ನೇ ಅವಳ ಕಡೆ ತಿರುಗಿಸಿದಳು. “ಆಗಿದೆ ಅಂತಿದೆ ಮೇಡಂ. ಒಂದು ಗಾಡಿಗೆ ಒಂದೇ ಡಬ್ಬಿ. ಆಗಿರೋದಕ್ಕೆ ಮತ್ತೆ ಕೊಡೋಕೆ ಬರಲ್ಲ.”

“ಆದ್ರೆ... ಲೈಟ್ ಹೋಗುತ್ತೆ.”

“ಈಗ ಉರೀತಿದೆಯಲ್ಲ?”

“ಈಗ ಉರೀತಿದೆ...”

“ಮತ್ತೇನು ಮೇಡಂ!”

ಒಳಗಿನಿಂದ ಯಾರೋ “ಏ ಹದಿನಾಲ್ಕು, ಜಾಕ್ ತಗೊಂಡ್ಬಾ!” ಎಂದು ಕೂಗಿದರು. ಅವನು ಜಾಕ್ ಹಿಡಿದು ಹೊರಟವನು ಅವಳನ್ನು ಕಂಡು ಅಲ್ಲೇ ನಿಂತ. ಗಾಜಿನ ಕೋಣೆಯಲ್ಲಿದ್ದ ಸೂಪರ್‌ವೈಸರ್ ಕಡೆ ಒಮ್ಮೆ ನೋಡಿದ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

“ನಾಲ್ಕು ದಿನ ಟೈಮ್ ಕೊಡಿ. ನಾನು ದಾರಿ ಹುಡುಕ್ತೀನಿ. ನಿಮ್ಮ ಫೋನ್ ನಂಬರ್... ಗಾಡಿ ವಿಷಯಕ್ಕೆ ಅಷ್ಟೇ.”

ಅವಳು ಕೊಟ್ಟಳು. ಅಪರಿಚಿತನಿಗೆ ನಂಬರ್ ಕೊಟ್ಟದ್ದು ಅದೇ ಮೊದಲು.

*

ಸಂಜೆ ಐದೂವರೆಗೆ ಫೋನ್ ಬಂತು.

“ಗಾಡಿ ಮನೇಲಿದೆಯಾ?”

“ಇದೆ.”

“ಸರಿ.”

ಅಷ್ಟೇ! ಅವಳು ಫೋನನ್ನೇ ನೋಡುತ್ತಾ ಕುಳಿತಳು. ‘ಎಂಥಾ ಮನುಷ್ಯ ಇವನು?’

ಎರಡನೆಯ ದಿನ.

“ಗಾಡಿ ಮನೇಲಿದೆಯಾ?”

“ಇದೆ. ಅಪ್ಪ ಸಂಜೆ ಪಾಠಕ್ಕೆ ಹೊರಟಿದ್ರು. ಟೈರಲ್ಲಿ ಗಾಳಿ ಕಮ್ಮಿ ಅಂದೆ.”

“ಕಮ್ಮಿ ಇತ್ತಾ?”

“...ನಾನೇ ಬಿಟ್ಟೆ.”

ಆ ಕಡೆ ನಗು ಕೇಳಿಸಿತು. ಅವಳ ಕೆನ್ನೆ ಬಿಸಿಯಾಯಿತು. ಮೂರನೆಯ ದಿನ ಐದು ಗಂಟೆಗೇ ಅವಳು ಫೋನ್ ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದಳು. ಅವತ್ತು ಮಾತು ಹತ್ತು ನಿಮಿಷ ನಡೆಯಿತು. ಗಾಡಿಯ ವಿಷಯ ಅದರಲ್ಲಿ ಒಂದೇ ನಿಮಿಷ.

ನಾಲ್ಕನೆಯ ದಿನ ಅರ್ಜಿಗಳನ್ನು ಜೋಡಿಸುವಾಗ ಆ ಸೀಲ್ ಹಾಕಿದ ಕಾಗದ ಕೈಗೆ ಸಿಕ್ಕಿತು. ಸುಮ್ಮನೆ ಕಣ್ಣಾಡಿಸಿದಳು. ಕೆಳಗಿನ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ...

‘ಕೆಲಸ ಮಾಡಿದವರು: 14.’

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

ಐದೂವರೆಗೆ ಫೋನ್ ಬಂದಾಗ ಅವಳೇ ಮೊದಲು ಕೇಳಿದಳು. “ಕಾಗದದಲ್ಲಿ ಹದಿನಾಲ್ಕು ಅಂತಿದೆ. ಅದು ನೀವಾ?”

“...ನನ್ನ ನಂಬರೇ.”

“ಡಬ್ಬಿ ಬದಲಾಯಿಸಿದ್ರಾ?”

“ಇಲ್ಲ. ನೋಡಿ, ನಾನು...”

“ನಮ್ಮಪ್ಪ ಆ ಸೀಲ್ ನಂಬಿ ದಿನಾ ಬೇರೆಯವರ ಮಕ್ಕಳನ್ನ ಆ ಗಾಡೀಲಿ ಕೂರಿಸ್ತಾರೆ ರೀ!”

ಫೋನ್ ಕತ್ತರಿಸಿದಳು. ಮತ್ತೆ ರಿಂಗಾಯಿತು. ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ. ‘ದಯವಿಟ್ಟು ಅಂದನಲ್ಲ... ಅದೂ ನಾಟಕವೇ? ತನ್ನ ತಪ್ಪು ಹೊರಗೆ ಬರಬಾರದು ಅಂತ ದಿನಾ ಫೋನ್ ಮಾಡ್ತಿದ್ನಾ?’ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. ಕಾರಿಗಾಗಿ ಇಷ್ಟು ಅಳು ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

*

ಮರುದಿನ ಲೈಸೆನ್ಸ್ ಆಫೀಸಿನಿಂದ ಬಂದಾಗ ಐದು ಮುಕ್ಕಾಲು. ಅಂಗಳ ಖಾಲಿ.

“ಅಮ್ಮಾ, ಗಾಡಿ ಎಲ್ಲಿ?”

“ಅಪ್ಪ ತಗೊಂಡು ಹೋದ್ರು. ಅಂಚೆ ಕಚೇರಿ ಮೇಡಂಗೆ ನಾಡಿದ್ದು ಟೆಸ್ಟ್ ಅಂತೆ. ಸುರಂಗದಲ್ಲಿ ಓಡಿಸೋದು ಕಲಿಸ್ಬೇಕು ಅಂದ್ರು. ಟೈರಿಗೆ ಗಾಳೀನೂ ತಾವೇ ಹೊಡೆದ್ರು.”

ಅವಳು ಅಪ್ಪನಿಗೆ ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು. ಪಾಠದ ಹೊತ್ತಿನಲ್ಲಿ ಅಪ್ಪನ ಫೋನ್ ಡ್ಯಾಶ್‌ಬೋರ್ಡಿನ ಒಳಗೆ, ಅದೂ ಸೈಲೆಂಟ್. ಅದು ಅವರೇ ಮಾಡಿದ ನಿಯಮ!

ಹೊರಗೆ ಬಿಸಿಲು ಬಾಡುತ್ತಿತ್ತು. ಕೈ ತಾನಾಗಿಯೇ ಇನ್ನೊಂದು ನಂಬರ್ ಒತ್ತಿತು. ಮೊದಲ ರಿಂಗಿಗೇ ಎತ್ತಿದ.

“ಗಾಡಿ... ಮನೇಲಿಲ್ಲ.”

“ಎಲ್ಲಿಗೆ?”

“ಸುರಂಗಕ್ಕೆ.”

“ರಸ್ತೆಗೆ ಬಂದು ನಿಂತ್ಕೊಳ್ಳಿ. ಬಂದೆ.”

ಮೂರೇ ನಿಮಿಷಕ್ಕೆ ಬೂದು ಕಾರು ಬಂದು ನಿಂತಿತು. ಅವನು ಬಿಳಿ ಶರ್ಟಿನಲ್ಲಿದ್ದ. ಯಾಕೆಂದು ಯೋಚಿಸಲು ಅವಳಿಗೆ ವ್ಯವಧಾನವಿರಲಿಲ್ಲ. ಸೇತುವೆ ದಾಟಿತು. ಪೆಟ್ರೋಲ್ ಬಂಕ್ ದಾಟಿತು. ಸುರಂಗದ ಬಾಯಿಯಲ್ಲಿ...

“ಅಗೋ!”

ಅಪ್ಪನ ಕಾರು ಒಳಗೆ ಹೋಗುತ್ತಿತ್ತು. ಹಿಂದೆಯೇ ಇವರೂ ನುಗ್ಗಿದರು. ಮುಂದಿನ ಗೋಡೆಯ ಮೇಲೆ ಆ ಕಾರಿನ ಲೈಟಿನ ಬೆಳಕು ಕಾಣುತ್ತಿತ್ತು. ತಿರುವು ಹತ್ತಿರವಾಯಿತು.

ಬೆಳಕು ಆರಿತು.

ಕೆಂಪು ಬ್ರೇಕ್ ಲೈಟ್ ಹತ್ತಿತು. ಕಾರು ಕತ್ತಲಲ್ಲಿ, ತಿರುವಿನ ನಡುವೆ, ನಿಲ್ಲತೊಡಗಿತು!

“ನಿಲ್ಲಿಸ್ಬಾರ್ದು!” ಅವನು ಹೈ ಬೀಮ್ ಹಾಕಿ ಬಲಕ್ಕೆ ಸರಿದ. “ಹಿಂದೆ ಬಸ್ ಇದೆ. ಇಲ್ಲಿ ನಿಂತ್ರೆ ಎಲ್ಲರಿಗೂ ಗುದ್ದುತ್ತೆ!”

ಅವಳು ಕಿಟಕಿ ಇಳಿಸಿದಳು. ಸೊಂಟದವರೆಗೆ ಹೊರಗೆ ಬಾಗಿದಳು. ತರಗತಿಯಲ್ಲಿ ಹಾಜರಿ ಹೇಳಲೂ ಹಿಂಜರಿಯುತ್ತಿದ್ದ ಹುಡುಗಿ ಸುರಂಗ ಮೊಳಗುವಂತೆ ಕಿರುಚಿದಳು.

“ಅಪ್ಪಾ! ನಿಲ್ಲಿಸ್ಬೇಡ! ನಾನಿದ್ದೀನಿ! ಬಿಳಿ ಗೆರೆ ನೋಡ್ಕೊಂಡು ನಡೀ! ಕ್ಲಚ್ಚಪ್ಪಾ, ಕ್ಲಚ್!”

ಒಂದು ಕ್ಷಣ. ಎರಡು. ಹಿಂದಿನ ಬಸ್ಸಿನ ಹಾರ್ನ್ ಕಿವಿ ಸೀಳಿತು.

ಬ್ರೇಕ್ ಲೈಟ್ ಆರಿತು. ಕಾರು ಮುಂದಕ್ಕೆ ಚಲಿಸಿತು.

*

ಹೊರಗೆ ಬಂದ ಮೇಲೆ ಅಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕುಳಿತರು. ಅಂಚೆ ಕಚೇರಿಯ ಮೇಡಂ ಸ್ಟಿಯರಿಂಗ್ ಬಿಡದೆ ಕಿಟಕಿಯಿಂದಲೇ ಕೇಳಿದರು. “ಮೇಷ್ಟ್ರೇ... ಇದೂ ಟೆಸ್ಟಲ್ಲಿ ಬರುತ್ತಾ?”

ಯಾರಿಗೂ ನಗು ಬರಲಿಲ್ಲ. ಅವನು ಅಪ್ಪನ ಮುಂದೆ ಹೋಗಿ ನಿಂತ.

“ನಿಮ್ಮ ಕಾಗದದಲ್ಲಿರೋ ಹದಿನಾಲ್ಕು ನಾನೇ ಸಾರ್. ನಮ್ಮ ಕೈಯೆಲ್ಲ ಗ್ರೀಸ್, ಕಂಪ್ಯೂಟರ್ ಮುಟ್ಟೋ ಹಾಗಿಲ್ಲ ಅಂತ ಎಲ್ಲರ ಪಾಸ್‌ವರ್ಡೂ ಚೀಟೀಲಿ ಬರೆದು ಪರದೆ ಪಕ್ಕ ಅಂಟಿಸಿದ್ದೀವಿ. ‘ಆಗಿದೆ’ ಅಂತ ಒತ್ತೋದು ಸೂಪರ್‌ವೈಸರ್. ತಿಂಗಳ ಕೊನೇಲಿ ಡಬ್ಬಿ ಖಾಲಿ ಆಯ್ತು. ಟಾರ್ಗೆಟ್ ಮುಗೀಬೇಕಲ್ಲ, ಡಬ್ಬಿ ನಾಳೆ ಬಂದೇ ಬರುತ್ತೆ ಅಂತ ಹನ್ನೊಂದು ಗಾಡಿಗೆ ಒತ್ತಿಬಿಟ್ರು. ನಾನು ಅವತ್ತು ರಜೆ. ಒತ್ತಿದ್ದು ನನ್ನ ನಂಬರಲ್ಲಿ ಅಂತ ನಿಮ್ಮ ಕಾಗದ ನೋಡಿದಾಗಲೇ ಗೊತ್ತಾಗಿದ್ದು.”

“ಅಂದ್ರೆ ನಿಮ್ಮ ತಪ್ಪೇ ಅಲ್ಲ!” ಅವಳು ಬಾಯಿಬಿಟ್ಟಳು. “ಮೊದಲೇ ಯಾಕೆ ಹೇಳ್ಲಿಲ್ಲ?”

“ನಂದೂ ಇದೆ.” ಅವನು ತಲೆ ತಗ್ಗಿಸಿದ. “ಬಿಚ್ಚಿದ ಹಳೇ ಡಬ್ಬಿ ಮೇಲೆ ಗಾಡಿ ನಂಬರ್ ಬರೆದು ಪೆಟ್ಟಿಗೆಗೆ ಹಾಕ್ಬೇಕು, ಕಂಪನಿಗೆ ವಾಪಸ್ ಹೋಗುತ್ತೆ. ಮಾರನೇ ದಿನ ನೋಡಿದ್ರೆ ‘ಆಗಿದೆ’ ಪಟ್ಟಿಗಿಂತ ಪೆಟ್ಟಿಗೇಲಿ ಹನ್ನೊಂದು ಕಮ್ಮಿ. ಗೊತ್ತಾಯ್ತು. ಕೆಲಸ ಹೋಗುತ್ತೆ ಅಂತ ಒಂದು ತಿಂಗಳು ಸುಮ್ಮನಿದ್ದೆ. ಹನ್ನೊಂದು ನಂಬರ್ ಜೇಬಲ್ಲಿಟ್ಕೊಂಡು ರಸ್ತೇಲಿ ಹುಡುಕ್ತಿದ್ದೆ, ಅಷ್ಟೇ.”

ಅವನು ಜೇಬಿನಿಂದ ತೆಗೆದ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಅವಳು ತೆಗೆದುಕೊಂಡಳು. ಕೊನೆಯ ಸಾಲಿನಲ್ಲಿ ಅವರದೇ ಕಾರಿನ ನಂಬರ್. ಪಕ್ಕದಲ್ಲಿ ಪೆನ್ಸಿಲಿನಲ್ಲಿ: ‘ಸಿಗ್ನಲ್ ಹತ್ತಿರ ಸಿಕ್ತು. ಹಾರ್ನ್ ಮಾಡಿದೆ. ನಿಲ್ಲಿಸಲಿಲ್ಲ. ಪಾಪ, ಹೆದರಿದ್ರು.’

ಅವಳ ಕಣ್ಣು ಮಂಜಾಯಿತು. ‘ಅವತ್ತು ನನ್ನನ್ನ ಕಾಡೋಕೆ ಅಲ್ಲ... ನಿಲ್ಲಿಸೋಕೆ!’

“ನಿನ್ನೆ ನೀವು ಅಪ್ಪನ ಮಾತು ಹೇಳಿದ್ರಲ್ಲ. ಇವತ್ತು ಬೆಳಿಗ್ಗೆ ಕಂಪನಿಯ ದೊಡ್ಡ ಆಫೀಸಿಗೆ ಎಲ್ಲಾ ಬರೆದು ಕಳಿಸಿದೆ. ಮಧ್ಯಾಹ್ನಕ್ಕೆ ಸೂಪರ್‌ವೈಸರ್ ನನ್ನ ಯೂನಿಫಾರ್ಮ್ ಬಿಚ್ಚಿಸ್ಕೊಂಡು ಮನೆಗೆ ಕಳಿಸಿದ್ರು.”

ಅವಳು ಆ ಬಿಳಿ ಶರ್ಟ್ ನೋಡಿದಳು.

ಅವಳು ಚೀಲದಿಂದ ತೆಗೆದುಕೊಟ್ಟ ಸೀಲ್ ಕಾಗದವನ್ನು ಅಪ್ಪ ತಿರುಗಿಸಿ ಮುರುಗಿಸಿ ನೋಡಿದರು. “ಗಾಡಿ ತೊಳೆದೂ ಕೊಟ್ಟಿದ್ರಲ್ಲಯ್ಯಾ...” ಎಂದರು. ಆಮೇಲೆ ಅದನ್ನು ಜೇಬಿಗೆ ಹಾಕಿ, “ಬ್ರೇಕ್ ತಡವಾಗಿ ಒತ್ತಿದೆ ನೀನು. ಆದ್ರೂ ಒತ್ತಿದೆ. ನಡಿ, ಗಾಡೀನ ಇಲ್ಲೇ ಬಿಟ್ಟು ನಿನ್ನ ಕಾರಲ್ಲಿ ಹೋಗೋಣ,” ಎಂದರು.

*

ಹದಿನೆಂಟು ದಿನ ಹಿಡಿಯಿತು. ದೊಡ್ಡ ಆಫೀಸಿನವರು ಬಂದು ಪೆಟ್ಟಿಗೆ ಎಣಿಸಿದರು. ಗಾಜಿನ ಕೋಣೆ ಖಾಲಿಯಾಯಿತು. ಅವನಿಗೆ ಕರೆ ಬಂತು: ‘ನಿನ್ನ ನಂಬರಲ್ಲಿರೋ ಹನ್ನೊಂದನ್ನೂ ನೀನೇ ಮುಗಿಸು, ಆಮೇಲೆ ನೋಡೋಣ.’

ಹನ್ನೊಂದನೆಯದು ಇವರದು. ಅವಳು ಸ್ಟೂಲಿನ ಮೇಲೆ ಕುಳಿತು ಕಣ್ಣು ಮಿಟುಕಿಸದೆ ನೋಡಿದಳು. ಹಳೆಯ ಡಬ್ಬಿಯ ಒಂದು ಬದಿ ಸುಟ್ಟು ಕಂದಿಹೋಗಿತ್ತು. ಅವನು ಅದರ ಮೇಲೆ ನಂಬರ್ ಬರೆದು, ಪೆಟ್ಟಿಗೆಗೆ ಹಾಕಿ, ಕೈ ಒರೆಸಿಕೊಂಡು, ತಾನೇ ‘ಆಗಿದೆ’ ಎಂದು ಒತ್ತಿದ.

“ಇನ್ನು ಹೆದರಿಕೆ ಇಲ್ಲ.” ಅವನು ನಗಲು ನೋಡಿದ. “ನಾಳೆಯಿಂದ ಫೋನ್ ಮಾಡೋಕೆ... ಕಾರಣಾನೂ ಇಲ್ಲ.”

ಅವಳು ಚೀಲ ಎತ್ತಿಕೊಂಡಳು. ತಲೆಯಾಡಿಸಿ ಹೊರಟುಬಿಟ್ಟಳು.

ಮರುದಿನ ಐದೂವರೆ. ಫೋನ್ ಸುಮ್ಮನಿತ್ತು.

ಐದು ಮೂವತ್ತೈದು. ‘ಮಾಡಲ್ಲ ಅಂದ್ರಲ್ಲ...’

ಐದು ನಲವತ್ತು. ‘ಸುರಂಗದಲ್ಲಿ ಕಿರುಚೋಕೆ ಬಂತಲ್ಲ ನಿಂಗೆ. ಈಗೇನು ದಾಡಿ?’

ಅವಳು ನಂಬರ್ ಒತ್ತಿದಳು. ಮೊದಲ ರಿಂಗಿಗೇ ಎತ್ತಿದ.

“ಹಲೋ! ಏನಾಯ್ತು? ಲೈಟ್ ಹೋಯ್ತಾ?”

“ಇಲ್ಲ. ಗಾಡಿ ಮನೇಲಿದೆ.”

“...ಸರಿ.”

“ಅಪ್ಪ ಅಮ್ಮ ಇಬ್ರೂ ಮನೇಲಿದ್ದಾರೆ.” ಅವಳು ಕಣ್ಣು ಮುಚ್ಚಿಕೊಂಡಳು. “ಇಷ್ಟು ದಿನ ಗಾಡಿ ಬಗ್ಗೆನೇ ಕೇಳಿದ್ರಿ. ಬಂದು ನನ್ನ ಬಗ್ಗೆ ಕೇಳ್ತೀರಾ?”

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ಬಹುಶಃ ಸ್ಪ್ಯಾನರ್.

“ಕೇಳಿದ್ರೆ... ಏನಂತೀರಾ?”

“ಬಂದ್ಮೇಲೆ ಹೇಳ್ತೀನಿ.”

“ಹತ್ತು ನಿಮಿಷ!”

“ನಿಧಾನಕ್ಕೆ ಬನ್ನಿ,” ಎಂದಳು ಅವಳು. “ಮನೆ ಮುಂದೆ ಬಂದಾಗ ಹಾರ್ನ್ ಮಾಡಿ. ಈ ಸಲ ನಿಲ್ತೀನಿ.”